ಕಾರವಾರದ ಭಾನುವಾರದ ಸಂತೆ: ಎಷ್ಟು ಹೊತ್ತಿಗೆ ಹೋಗಬೇಕು, ಯಾವುದನ್ನು ಮೊದಲು ಕೊಳ್ಳಬೇಕು

ಕಾರವಾರದ ಭಾನುವಾರದ ಸಂತೆಯಲ್ಲಿ ಎರಡು ಸಂತೆಗಳು ಅಕ್ಕಪಕ್ಕ ಕೂತಿರುತ್ತವೆ. ಒಂದು ಘಟ್ಟದ ಮೇಲಿಂದ ಇಳಿದು ಬಂದದ್ದು. ಹುಬ್ಬಳ್ಳಿ, ಹಾವೇರಿ, ಬೆಳಗಾವಿ ಕಡೆಯ ಟೊಮೆಟೊ, ಬಟಾಟೆ, ಕೋಸು, ಮೆಣಸಿನಕಾಯಿ ಅಲ್ಲಿ ಚೀಲಗಟ್ಟಲೆ ಸುರಿದಿರುತ್ತವೆ. ತಾಡಪತ್ರಿಯ ನೆರಳು, ಎಲೆಕ್ಟ್ರಾನಿಕ್ ತಕ್ಕಡಿ, ಕೂಗು, ಎಲ್ಲವೂ ಅಲ್ಲಿಯದೇ. ಇನ್ನೊಂದು ಬುಟ್ಟಿ ಸಂತೆ. ಅಂಕೋಲಾ ಕಡೆಯಿಂದ, ಕಾಳಿ ನದಿಯ ದಂಡೆಯ ಹಳ್ಳಿಗಳಿಂದ ಬಸ್ಸಿನಲ್ಲೋ ಟೆಂಪೋದಲ್ಲೋ ಬಂದ ಹೆಂಗಸರು ರಸ್ತೆಯಂಚಿನಲ್ಲಿ ಗೋಣಿ ಹಾಸಿ ಕೂತು ಮಾರುವ ಹರಿವೆ, ಬಸಳೆ, ಮೊಗೆಕಾಯಿ (ಮಂಗಳೂರು ಸೌತೆ), ಬಾಳೆಹೂವು, ಗೆಣಸು. ಇಲ್ಲಿ ತಕ್ಕಡಿಗಿಂತ ಪಾಲು (ಒಂದೊಂದು ಗುಪ್ಪೆ), ಕಟ್ಟು, ಡಜನ್ನಿನ ಲೆಕ್ಕವೇ ಹೆಚ್ಚು. ಈ ಎರಡಕ್ಕೂ ಹೊತ್ತು ಬೇರೆ, ಅಳತೆ ಬೇರೆ, ಚೌಕಾಸಿಯ ರೀತಿಯೂ ಬೇರೆ. ಒಂದರ ಲೆಕ್ಕವನ್ನು ಇನ್ನೊಂದರಲ್ಲಿ ಹಾಕಲು ಹೋದವರೇ ‘ಸಂತೆಯಲ್ಲಿ ಏನೂ ಅಗ್ಗ ಇಲ್ಲ’ ಎನ್ನುತ್ತ ಮನೆಗೆ ಬರುವುದು.

ಭಾನುವಾರ ತಪ್ಪಿಹೋದರೆ ಜಿಲ್ಲೆಯಲ್ಲಿ ಬೇರೆ ದಿನಗಳೂ ಇವೆ: ಶಿರಸಿಯಲ್ಲಿ ಮಂಗಳವಾರ, ಕುಮಟಾದಲ್ಲಿ ಬುಧವಾರ, ಅಂಕೋಲಾದಲ್ಲಿ ಶನಿವಾರ. ಒಂದು ಸಂತೆಯಲ್ಲಿ ಕಂಡ ವ್ಯಾಪಾರಿ ಇನ್ನೊಂದರಲ್ಲೂ ಸಿಗುವುದುಂಟು. ಆದರೆ ಮೀನು, ಕರಾವಳಿಯ ಸೊಪ್ಪು, ಘಟ್ಟದ ತರಕಾರಿ ಮೂರೂ ಒಂದೇ ಸುತ್ತಿನಲ್ಲಿ ಮುಗಿಯಬೇಕೆಂದರೆ ಕಾರವಾರವೇ ಅನುಕೂಲ. ಗೋವಾದ ಕಾಣಕೋಣ ಕಡೆಯವರೂ ಗಡಿ ದಾಟಿ ಇಲ್ಲಿಗೆ ಬರುವುದು ಅದಕ್ಕೇ.

ಹೊರಡುವ ಮೊದಲು

ನಾಲ್ಕು ಚೀಲ ಬೇಕು. ಈರುಳ್ಳಿ, ಬಟಾಟೆಗೆ ಅಗಲ ತಳದ ಗಟ್ಟಿ ಚೀಲ ಒಂದು. ಸೊಪ್ಪಿಗೆ ತೆಳು ಬಟ್ಟೆಯದು ಒಂದು, ಟೊಮೆಟೊ ಮತ್ತು ಹಣ್ಣಿಗೆ ಇನ್ನೊಂದು. ಮೀನಿಗೆ ಬಿಗಿ ಮುಚ್ಚಳದ ಡಬ್ಬಿ, ಅದನ್ನಿಡಲು ಪ್ರತ್ಯೇಕ ಚೀಲ. ಎಲ್ಲವನ್ನೂ ಒಂದೇ ದೊಡ್ಡ ಚೀಲಕ್ಕೆ ತುಂಬುವವರ ಮನೆಯಲ್ಲಿ ಭಾನುವಾರ ರಾತ್ರಿ ಟೊಮೆಟೊ ಸಾರು ಗ್ಯಾರಂಟಿ. ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಕೆಲವರು ಈಗಲೂ ಕೊಡುತ್ತಾರೆ ನಿಜ, ಆದರೆ ಆ ತೆಳು ಚೀಲದಲ್ಲಿ ಹರಿವೆ ಸೊಪ್ಪು ಎರಡು ತಾಸಿನಲ್ಲಿ ಬೆವರಿ ಕಪ್ಪಾಗುತ್ತದೆ.

ಹಣದ ವಿಷಯಕ್ಕೆ ಬಂದರೆ, ತಾಡಪತ್ರಿ ಕೆಳಗಿನ ವ್ಯಾಪಾರಿಗಳ ಬಳಿ ಫೋನಿನಲ್ಲಿ ಹಣ ಕಳಿಸುವ ಕ್ಯೂಆರ್ ಫಲಕ ಇರುತ್ತದೆ. ಬುಟ್ಟಿಯ ಮುಂದೆ ಕೂತ ಅಜ್ಜಿಯ ಬಳಿ ಇರಲಾರದು. ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ ಒಂದು ಮುನ್ನೂರು ರೂಪಾಯಿ ಚಿಲ್ಲರೆ ಇಟ್ಟುಕೊಳ್ಳಿ. ಬೆಳಿಗ್ಗೆ ಏಳೂವರೆಗೆ ಐನೂರರ ನೋಟು ಚಾಚಿದರೆ ಆಕೆ ಚಿಲ್ಲರೆಗಾಗಿ ಪಕ್ಕದ ನಾಲ್ಕು ಜನರನ್ನು ಕೇಳಬೇಕು, ಅಷ್ಟರಲ್ಲಿ ನೀವು ಆರಿಸಿಟ್ಟ ಕಟ್ಟು ಬೇರೆಯವರ ಕೈ ಸೇರಿರುತ್ತದೆ.

ಮೊಹರು ಒಡೆಯದ ಒಂದು ಲೀಟರ್ ನೀರಿನ ಬಾಟಲಿಯನ್ನೂ ಒಯ್ಯಿರಿ. ಬಾಯಾರಿಕೆಗೂ ಆಯಿತು, ತಕ್ಕಡಿ ಪರೀಕ್ಷೆಗೂ ಆಯಿತು. ಅದು ಹೇಗೆಂದು ಮುಂದೆ ಹೇಳುತ್ತೇವೆ.

ಬರುವ ದಾರಿ

ಬಸ್ಸಿನಲ್ಲಿ ಬರುವವರಿಗೆ ಚಿಂತೆಯಿಲ್ಲ. ನಿಲ್ದಾಣದಿಂದ ಸಂತೆಗೆ ನಡೆದೇ ಹೋಗಬಹುದು. ರೈಲಿನಲ್ಲಿ ಬಂದರೆ ನಿಲ್ದಾಣ ಇರುವುದು ಊರಾಚೆ ಶಿರವಾಡದಲ್ಲಿ. ಅಲ್ಲಿಂದ ರಿಕ್ಷಾ ಅಥವಾ ಬಸ್ಸು ಹಿಡಿಯಬೇಕು, ಹೋಗುವಾಗಲೂ ಆ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕು.

ಕಾರು ತಂದವರು ಸಂತೆಯ ರಸ್ತೆಗೆ ನುಗ್ಗಲೇಬಾರದು. ಒಮ್ಮೆ ಒಳಗೆ ಸಿಕ್ಕಿಕೊಂಡರೆ ಮುಂದೆ ತಳ್ಳುಗಾಡಿ, ಹಿಂದೆ ಸ್ಕೂಟರ್, ಎರಡೂ ಬದಿಗೆ ಜನರ ಬುಟ್ಟಿಗಳು. ಕಡಲತೀರದ ಕಡೆ ಜಾಗ ನೋಡಿ ನಿಲ್ಲಿಸಿ, ನಡೆದು ಬನ್ನಿ. ನಡುವೆ ರಾಷ್ಟ್ರೀಯ ಹೆದ್ದಾರಿ 66 ದಾಟಬೇಕಾಗುತ್ತದೆ, ಕೈಯಲ್ಲಿ ಮಕ್ಕಳಿದ್ದರೆ ಅಲ್ಲಿ ಜಾಗ್ರತೆ. ಸದಾಶಿವಗಡ, ಮಾಜಾಳಿ, ಗೋವಾ ಕಡೆಯಿಂದ ಬರುವವರು ಇನ್ನೊಂದು ಮಾತು ನೆನಪಿಡಬೇಕು. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಮೇಲೆ ಎರಡೂ ದಿಕ್ಕಿನ ಸಂಚಾರ ಹೊಸ ಸೇತುವೆಯ ಮೇಲೆಯೇ ಬಿತ್ತು. ಭಾನುವಾರ ಸಂಜೆ ಗೋವಾದಿಂದ ಮರಳುವ ವಾಹನಗಳೂ ಸೇರುವುದರಿಂದ, ಐದು ಗಂಟೆಯೊಳಗೆ ಸೇತುವೆ ದಾಟುವ ಹಾಗೆ ಹೊರಡುವುದು ಒಳ್ಳೆಯದು.

ಹೊತ್ತಿನ ಲೆಕ್ಕ

ಬುಟ್ಟಿ ಸಂತೆಗೆ ಬೆಳಿಗ್ಗೆ ಏಳರಿಂದ ಒಂಬತ್ತು. ಆ ಹೊತ್ತಿಗೆ ಸೊಪ್ಪಿನ ಬೇರಿನಲ್ಲಿ ಇನ್ನೂ ಹಸಿ ಮಣ್ಣಿರುತ್ತದೆ, ಬೆಂಡೆಯ ತುದಿ ಮುರಿದರೆ ಟಕ್ಕನೆ ಮುರಿಯುತ್ತದೆ. ಹತ್ತರ ನಂತರ ಬಿಸಿಲು ಏರಿದಂತೆ ಮಾರುವವರು ನೀರು ಚಿಮುಕಿಸತೊಡಗುತ್ತಾರೆ. ಮೇಲೆ ತಾಜಾ ಕಂಡರೂ ಕಟ್ಟಿನ ನಡುವೆ ಬಿಸಿಯೇರಿರುತ್ತದೆ, ಬೆರಳು ತೂರಿಸಿ ನೋಡಿದರೆ ತಿಳಿಯುತ್ತದೆ. ತಂದದ್ದು ಖರ್ಚಾದರೆ ಈ ಹೆಂಗಸರು ಮಧ್ಯಾಹ್ನದೊಳಗೇ ಊರಿನ ಬಸ್ಸು ಹತ್ತುತ್ತಾರೆ. ಸಂಜೆ ಬಂದು ‘ನಾಟಿ ಬದನೆ ಎಲ್ಲಿ’ ಎಂದು ಹುಡುಕಿದರೆ ಸಿಗುವುದಿಲ್ಲ.

ಘಟ್ಟದ ತರಕಾರಿಗೆ ಇದರ ತದ್ವಿರುದ್ಧ. ಬೆಳಿಗ್ಗೆ ದರ ಬಿಗಿ. ಸಂಜೆ ಐದರ ನಂತರ, ಚೀಲ ಮತ್ತೆ ಹೊತ್ತುಕೊಂಡು ಹೋಗುವ ಯೋಚನೆ ಶುರುವಾದಾಗ, ದರ ತಾನಾಗಿ ಇಳಿಯುತ್ತದೆ. ಟೊಮೆಟೊ, ಕೋಸು, ಕೊತ್ತಂಬರಿಗೆ ಇದು ಸರಿ. ಆದರೆ ಆಗ ಉಳಿದಿರುವುದು ಹತ್ತು ಕೈ ಆರಿಸಿ ಬಿಟ್ಟದ್ದು ಎಂಬುದೂ ಗೊತ್ತಿರಲಿ. ಎರಡು ದಿನದಲ್ಲಿ ಮುಗಿಸುವಷ್ಟು ಮಾತ್ರ ಕೊಳ್ಳಿ. ಹನ್ನೊಂದರಿಂದ ಒಂದರವರೆಗಿನ ಹೊತ್ತಿಗೆ ಯಾವ ಲಾಭವೂ ಇಲ್ಲ: ಸೊಪ್ಪು ಬಾಡಿರುತ್ತದೆ, ದರ ಇಳಿದಿರುವುದಿಲ್ಲ, ನೂಕುನುಗ್ಗಲು ಬೇರೆ.

ಗಣೇಶ ಚೌತಿಯ ಹಿಂದಿನ ಭಾನುವಾರ ಈ ಲೆಕ್ಕವೆಲ್ಲ ತಲೆಕೆಳಗು. ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ, ಕೊಂಕಣಿಯಲ್ಲಿ ಮಾಟೋಳಿ ಎನ್ನುವುದಕ್ಕೆ, ಕಾಡುಕಾಯಿ, ಅಡಿಕೆ ಸಿಂಗಾರ, ಎಳೆ ಸೌತೆ ಎಂದು ಬುಟ್ಟಿ ಸಂತೆಯೇ ಊರು ತುಂಬ ಹರಡುತ್ತದೆ. ಅಂದು ಚೌಕಾಸಿಗೆ ಯಾರೂ ಕಿವಿಗೊಡುವುದಿಲ್ಲ. ದಿನನಿತ್ಯದ ತರಕಾರಿಯನ್ನು ಹಿಂದಿನ ವಾರವೇ ತಂದುಕೊಳ್ಳುವುದು ಜಾಣತನ.

ಮೊದಲ ಸುತ್ತು ಕೈ ಬೀಸಿಕೊಂಡು

ಮೊದಲ ಹದಿನೈದು ನಿಮಿಷ ಏನೂ ಕೊಳ್ಳದೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ಈರುಳ್ಳಿ, ಟೊಮೆಟೊ, ಬೀನ್ಸ್ ಮೂರರ ದರವನ್ನು ಮೂರು ಕಡೆ ಕೇಳಿದರೆ ಸಾಕು, ಆ ದಿನದ ಮಟ್ಟ ತಿಳಿಯುತ್ತದೆ. ಸಂತೆಯ ಬಾಯಿಯಲ್ಲಿ ಕೂತವರ ದರ ಸಾಮಾನ್ಯವಾಗಿ ಹೆಚ್ಚು, ಒಳಗೆ ಹೋದಂತೆ ಕಡಿಮೆ. ಎಲ್ಲರೂ ಮೊದಲು ಕಂಡಲ್ಲೇ ಚೀಲ ಬಿಚ್ಚುವುದು ಅದಕ್ಕೆ ಕಾರಣ.

ಆಮೇಲೆ ಕೊಳ್ಳುವ ಕ್ರಮ ಹೀಗಿರಲಿ: ಮೊದಲು ಬೇಗ ಖಾಲಿಯಾಗುವ ಬುಟ್ಟಿ ಸರಕು, ಅಂದರೆ ಸೊಪ್ಪು, ಹೂವು, ನಾಟಿ ಕಾಯಿ. ನಂತರ ಒಣ ಸಾಮಾನು. ಆಮೇಲೆ ಘಟ್ಟದ ತರಕಾರಿ, ಅದರಲ್ಲೂ ಭಾರದ ಈರುಳ್ಳಿ, ಬಟಾಟೆ ವಾಹನಕ್ಕೋ ಬಸ್ಸಿಗೋ ಹತ್ತಿರವಿರುವ ತುದಿಯಲ್ಲಿ. ಮೀನು ಕಟ್ಟಕಡೆಗೆ. ಮೀನನ್ನು ಮೊದಲೇ ಕೊಂಡು ಒಂದೂವರೆ ತಾಸು ಬಿಸಿಲಲ್ಲಿ ಹೊತ್ತು ತಿರುಗುವುದು ಈ ಸಂತೆಯಲ್ಲಿ ಹೊಸಬರು ಮಾಡುವ ಅತಿ ದೊಡ್ಡ ತಪ್ಪು.

ಬುಟ್ಟಿಯ ಮುಂದೆ

“ಅಕ್ಕಾ, ಪಾಲಿಗೆ ಎಷ್ಟು?”

“ಇಪ್ಪತ್ತಕ್ಕೊಂದು, ಐವತ್ತಕ್ಕೆ ಮೂರು.”

ಇಲ್ಲಿ ಚೌಕಾಸಿ ನಡೆಯುವುದು ದರದಲ್ಲಿ ಅಲ್ಲ, ಪಾಲಿನ ಗಾತ್ರದಲ್ಲಿ. ‘ಹದಿನೈದಕ್ಕೆ ಕೊಡು’ ಎಂದರೆ ಆಕೆ ಮುಖ ತಿರುಗಿಸಬಹುದು. ‘ಮೂರು ತಗೊಳ್ತೇನೆ, ಮೇಲೆ ಎರಡು ಹಾಕು’ ಎಂದರೆ ನಗುತ್ತಲೇ ಮೂರು ಹಾಕುತ್ತಾಳೆ. ಐದು ರೂಪಾಯಿಗಾಗಿ ಇವರೊಂದಿಗೆ ಜಗ್ಗಾಡುವುದು ನಮ್ಮ ಮಟ್ಟಿಗೆ ಸಲ್ಲದ ಕೆಲಸ. ಬೆಳೆದವಳೇ ಕಿತ್ತು, ಕಟ್ಟು ಕಟ್ಟಿ, ಬಸ್ಸಿನ ಖರ್ಚು ಹಾಕಿಕೊಂಡು ಬಂದಿರುತ್ತಾಳೆ. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕಂಡಕೂಡಲೇ ಫೋನ್ ಎತ್ತಿ ಫೋಟೊ ಹೊಡೆಯುವವರಿದ್ದಾರೆ. ಮೊದಲು ಕೇಳಿ. ಬೇಡ ಎಂದರೆ ಬಿಡಿ.

ಪಾಲು ನೋಡುವ ಬಗೆ: ಗುಪ್ಪೆಯ ಮೇಲೆ ಒಳ್ಳೆಯ ಕಾಯಿ, ಕೆಳಗೆ ಬಲಿತದ್ದು ಇರುವುದು ಎಲ್ಲ ಸಂತೆಯ ಗುಣ. ಕೆಳಗಿನ ಒಂದನ್ನು ಎತ್ತಿ ನೋಡಿ. ಬೆಂಡೆಯ ತುದಿ ಮುರಿಯಬೇಕು, ಬಾಗಿದರೆ ನಾರು. ಹೀರೆಕಾಯಿ ಕೈಗೆ ಭಾರ ಅನ್ನಿಸಬೇಕು. ಗಾತ್ರ ದೊಡ್ಡದಿದ್ದು ಹಗುರಾಗಿದ್ದರೆ ಒಳಗೆ ಬೆಂಡು. ಬಸಳೆಯ ದಂಟಿಗೆ ಉಗುರು ಸಲೀಸಾಗಿ ಇಳಿಯಬೇಕು. ಹರಿವೆಯಲ್ಲಿ ಹೂತೆನೆ ಬಂದಿದ್ದರೆ ಎಲೆ ಒರಟಾಗಿರುತ್ತದೆ, ದಂಟು ಮಾತ್ರ ಹುಳಿಗೆ ಆದೀತು.

ಮೊಗೆಕಾಯಿಗೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ಯಾಕೆಂದರೆ ಅದು ತಿಂಗಳುಗಟ್ಟಲೆ ಉಳಿಯುವ ತರಕಾರಿ. ಚೆನ್ನಾಗಿ ಬಲಿತು ಹಳದಿಗೆ ತಿರುಗಿದ್ದು, ತೊಟ್ಟು ಇರುವುದು, ಎಲ್ಲೂ ಮೆದು ಚುಕ್ಕೆ ಇಲ್ಲದ್ದು ಬೇಕು. ತೊಟ್ಟು ಕಿತ್ತುಹೋದ ಕಾಯಿ ಅದೇ ಗಾಯದಿಂದ ಕೊಳೆಯಲು ಶುರುಮಾಡುತ್ತದೆ. ಕರಾವಳಿಯ ಮನೆಗಳಲ್ಲಿ ಇದನ್ನು ಬಾಳೆಪಟ್ಟೆಯ ಹಗ್ಗದಲ್ಲಿ ಕಟ್ಟಿ ಮಾಡಿನ ಪಕಾಸಿಗೆ ತೂಗುಹಾಕುವುದು ಅಲಂಕಾರಕ್ಕಲ್ಲ. ನೆಲಕ್ಕೆ ತಾಗಿದ ಬದಿಯಲ್ಲಿ ಗಾಳಿಯಾಡದೆ ತೇವ ನಿಂತು ಕೊಳೆ ಹಿಡಿಯುತ್ತದೆ, ತೂಗಿದರೆ ಎಲ್ಲ ಬದಿಗೂ ಗಾಳಿ. ಅಡುಗೆಗೆ ಹೆಚ್ಚುವ ಮೊದಲು ತೊಟ್ಟಿನ ಕಡೆಯ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯನ್ನು ಬಿಸಾಡಿ, ಬೇಯಿಸಿದರೆ ಆ ಕಹಿ ಹೋಗುವುದಿಲ್ಲ, ಹೊಟ್ಟೆಯೂ ಕೆಡುತ್ತದೆ.

ಮಳೆಗಾಲದಲ್ಲಿ ಕೆಸುವಿನ ಎಲೆ, ಕಳಲೆ (ಎಳೆ ಬಿದಿರು) ಬರುತ್ತವೆ. ಕಳಲೆಯನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಸಿಯೇ ಬೇಯಿಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಸ್ತುವಿರುತ್ತದೆ, ನೆನೆಸಿದ ನೀರಿನೊಂದಿಗೆ ಅದು ಹೋಗುತ್ತದೆ. ಬೇಸಿಗೆಯ ಆರಂಭದಲ್ಲಾದರೆ ಸುರಂಗಿ ಹೂವಿನ ದಂಡೆ. ಬೆಳಿಗ್ಗೆ ಬೇಗ ಹೋದವರಿಗೆ ಮೊಗ್ಗಿನ ದಂಡೆ ಸಿಗುತ್ತದೆ. ಅರಳಿದ್ದಕ್ಕಿಂತ ಅದೇ ಮೇಲು. ಒಣಗಿದ ಮೇಲೂ ಅದರ ಪರಿಮಳ ಹೋಗದು, ಸೀರೆಯ ಮಡಿಕೆಯಲ್ಲಿ ಇಟ್ಟುಕೊಳ್ಳಬಹುದು.

ಈರುಳ್ಳಿ, ಮಾವು

ಮಾರ್ಚಿನಿಂದ ಮೇ ತನಕ ಕುಮಟಾದ ಸಿಹಿ ಈರುಳ್ಳಿ ಜಡೆ ಹೆಣೆದ ಗೊಂಚಲುಗಳಲ್ಲಿ ಬರುತ್ತದೆ. ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿ ಸುತ್ತಿನ ಬೆಳೆ ಇದು. ಹೆದ್ದಾರಿಯ ಬದಿಯಲ್ಲೂ ತೂಗುಹಾಕಿ ಮಾರುತ್ತಾರೆ. ಗೊಂಚಲು ಕೊಳ್ಳುವಾಗ ನೋಡಬೇಕಾದದ್ದು ಗಡ್ಡೆಗಿಂತ ಕುತ್ತಿಗೆ. ಜಡೆಯ ಎಲೆ ಹುಲ್ಲಿನಂತೆ ಒಣಗಿ ಗರಗರ ಅನ್ನಬೇಕು, ಗಡ್ಡೆಯ ಕುತ್ತಿಗೆ ಸಣ್ಣಗಿರಬೇಕು. ಎಲೆ ಇನ್ನೂ ಹಸಿರಾಗಿದ್ದು ಕುತ್ತಿಗೆ ಒತ್ತಿದರೆ ಮೆತ್ತಗಿದ್ದರೆ, ಸರಿಯಾಗಿ ಒಣಗಿಸದೆ ತಂದಿದ್ದಾರೆ ಎಂದರ್ಥ. ತೂಕವೂ ನೀರಿನದೇ, ಮೂರು ವಾರದಲ್ಲಿ ನಡುವಿನಿಂದ ಕೊಳೆಯುತ್ತದೆ. ಮನೆಯಲ್ಲಿ ಗಾಳಿಯಾಡುವ ಕಡೆ ತೂಗುಹಾಕಿ, ಕೆಳಗಿನಿಂದ ಒಂದೊಂದೇ ಕಿತ್ತು ಬಳಸಿ. ಗೊಂಚಲಿನಲ್ಲಿ ಒಂದು ಕೊಳೆತರೆ ಆ ಒಂದನ್ನು ಕೂಡಲೇ ಕತ್ತರಿಸಿ ತೆಗೆಯಿರಿ. ಇದು ಹಸಿಯಾಗಿ ತಿನ್ನುವ ಈರುಳ್ಳಿ. ಖಾರದ ಒಗ್ಗರಣೆಗೆ ಹುಬ್ಬಳ್ಳಿ ಕಡೆಯದೇ ಸಾಕು.

ಮೇ ತಿಂಗಳಲ್ಲಿ ಅಂಕೋಲಾದ ಕರಿ ಇಷಾಡ ಮಾವು. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು, ದರವೂ ಹಿಂದಿನಂತಿಲ್ಲ. ಇಷಾಡದಲ್ಲಿ ಕರಿ, ಬಿಳಿ ಎಂದು ಎರಡು ಬಗೆ. ಕರಿಯದ್ದು ತೆಳು ಸಿಪ್ಪೆ, ತಿರುಳು ಹೆಚ್ಚು, ಸಿಹಿ ಹೆಚ್ಚು. ಬಿಳಿಯದ್ದು ದಪ್ಪ ಸಿಪ್ಪೆ, ಸಿಹಿಯೂ ಒಂದು ಕೈ ಕಡಿಮೆ. ಒಂದು ಹಣ್ಣನ್ನು ಕೊಯ್ಯಿಸಿ ರುಚಿ ನೋಡಿ ಡಜನ್ ಮಾತಾಡಿ. ಸಿಪ್ಪೆ ತೆಳುವಾದ್ದರಿಂದ ಪೆಟ್ಟು ತಡೆಯುವುದಿಲ್ಲ, ಒಣಹುಲ್ಲು ಹಾಸಿದ ಬುಟ್ಟಿಯಲ್ಲಿ ಒಂದೇ ಪದರವಾಗಿ ಇಡಬೇಕು. ಬೆಂಗಳೂರಿಗೆ ಒಯ್ಯುವವರು ಇನ್ನೂ ಗಟ್ಟಿಯಾಗಿರುವುದನ್ನೇ ಆರಿಸಿ.

ತಾಡಪತ್ರಿಯ ಕೆಳಗೆ

ಇಲ್ಲಿ ತಕ್ಕಡಿಯ ಮೇಲೆ ಕಣ್ಣಿಡಿ. ತರಕಾರಿ ಹಾಕುವ ಮೊದಲು, ಖಾಲಿ ತಟ್ಟೆ ಇಟ್ಟಾಗ ಸೊನ್ನೆ ತೋರಿಸಬೇಕು. ಅನುಮಾನ ಬಂದರೆ ನಿಮ್ಮ ನೀರಿನ ಬಾಟಲಿ ಇಟ್ಟು ನೋಡಿ. ಒಂದು ಲೀಟರ್ ನೀರು ಒಂದು ಕಿಲೋ, ಬಾಟಲಿಯ ಪ್ಲಾಸ್ಟಿಕ್ಕಿಗೆ ಇಪ್ಪತ್ತು ಮೂವತ್ತು ಗ್ರಾಂ. ಒಂದು ಕಿಲೋ ನೂರು ಗ್ರಾಂ ದಾಟಿ ತೋರಿಸಿದರೆ ಜಗಳ ಬೇಡ, ಮುಂದಿನ ಅಂಗಡಿಗೆ ನಡೆಯಿರಿ. ತಕ್ಕಡಿ ಎತ್ತರದಲ್ಲಿದ್ದು ಅಂಕಿ ನಿಮ್ಮ ಕಡೆಗೆ ಕಾಣದಿದ್ದರೆ ತಿರುಗಿಸಲು ಹೇಳಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕೆಂಬ ನಿಯಮವಿದೆ.

ಮಳೆಗಾಲದಲ್ಲಿ ಬಟಾಟೆ, ಈರುಳ್ಳಿ ಚೀಲ ದಾರಿಯಲ್ಲೇ ನೆನೆದಿರುತ್ತದೆ. ರಾಶಿಯ ಮೇಲಿನದ್ದು ಒಣಗಿದ್ದರೂ ಒಳಗೆ ಕೈ ಹಾಕಿ ಒಂದನ್ನು ತೆಗೆದು ಮೂಸಿ ನೋಡಿ. ಹಸಿರು ತಿರುಗಿದ ಬಟಾಟೆ ಬೇಡ.

ಮೀನು

ಮೀನು ಮಾರುಕಟ್ಟೆಯಲ್ಲಿ ಕೊಂಕಣಿ ನಡೆಯುತ್ತದೆ. “ಕಿತ್ಲೆ?” (ಎಷ್ಟು?) ಎಂದು ಕೇಳಿದರೆ ಸಾಕು, ಮರುಮಾತು ಕನ್ನಡದಲ್ಲೇ ಬರಬಹುದು. ಬಂಗಡೆಯನ್ನು ನೂರು ರೂಪಾಯಿಗೆ ಇಷ್ಟು ಎಂದು ಎಣಿಸಿ ಕೊಡುತ್ತಾರೆ, ಸಣ್ಣ ಮೀನು, ಶೆಟ್ಲಿಗೆ (ಸಿಗಡಿ) ಪಾಲು, ಇಸೋಣ (ಅಂಜಲ್), ಪಾಪ್ಲೆಟ್‌ನಂಥ ದೊಡ್ಡದಕ್ಕೆ ತೂಕ. ಬಂಗಡೆಯ ಎಣಿಕೆ ಹೇಳುವಾಗ ಗಾತ್ರ ನೋಡದೆ ಹೂಂ ಎನ್ನಬೇಡಿ. ದೊಡ್ಡ ಐದಕ್ಕೂ ಸಣ್ಣ ಎಂಟಕ್ಕೂ ತೂಕ ಹೆಚ್ಚುಕಡಿಮೆ ಒಂದೇ ಇರಬಹುದು, ಮುಳ್ಳು ಮಾತ್ರ ಎಂಟರಲ್ಲೇ ಹೆಚ್ಚು.

ಕಿವಿರು ಎತ್ತಿ ನೋಡಿ, ಕೆಂಪಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಲೋಳೆ ಅಂಟಿದ್ದರೆ ಹಳತು. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಬೆನ್ನಿಗೆ ಬೆರಳು ಒತ್ತಿದರೆ ಕುಳಿ ಕೂಡಲೇ ತುಂಬಬೇಕು. ತಾರ್ಲೆಯಲ್ಲಿ (ಬೂತಾಯಿ) ಮೊದಲು ಕೆಡುವುದು ಹೊಟ್ಟೆ, ಹೊಟ್ಟೆ ಒಡೆದದ್ದು ಬೇಡ. ಶೆಟ್ಲಿಯ ತಲೆ ಕಪ್ಪಾಗಿ ಜೋತಿದ್ದರೆ ಬಿಡಿ. ಚಿಪ್ಪಿನ (ಚಿಪ್ಪುಮೀನಿನ) ಬಾಯಿ ಮುಚ್ಚಿರಬೇಕು. ತೆರೆದದ್ದನ್ನು ತಟ್ಟಿದಾಗಲೂ ಮುಚ್ಚದಿದ್ದರೆ ಅದು ಸತ್ತಿದೆ.

ಬಂಗಡೆ, ತಾರ್ಲೆಯ ಮಟ್ಟಿಗೆ ಮಂಜುಗಡ್ಡೆಯ ವಿಷಯದಲ್ಲಿ ಜುಗ್ಗತನ ಮಾಡಲೇಬೇಡಿ. ಬಿಸಿಗೆ ಬಿದ್ದ ಈ ಮೀನುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟಿಕೊಳ್ಳುತ್ತದೆ. ತಿಂದ ಅರ್ಧ ತಾಸಿನಲ್ಲಿ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುವುದು ಅದರಿಂದಲೇ. ಎಷ್ಟು ಹುರಿದರೂ, ಕುದಿಸಿದರೂ ಅದು ನಾಶವಾಗುವುದಿಲ್ಲ. ಅರ್ಧ ತಾಸಿಗಿಂತ ದೂರದ ಮನೆಯಾದರೆ ಮೀನಿನಷ್ಟೇ ತೂಕದ ಪುಡಿ ಮಂಜು ಬೇಕು. ಡಬ್ಬಿಯ ತಳದಲ್ಲಿ ಒಂದು ಪದರ ಮಂಜು, ಮೇಲೆ ಮೀನು, ಮತ್ತೆ ಮಂಜು. ಶಿರಸಿ, ಯಲ್ಲಾಪುರದವರು ಕಿವಿರು, ಕರುಳು ತೆಗೆಸಿ ಇಡಿಯಾಗಿಯೇ ಒಯ್ಯಲಿ. ತುಂಡು ಮಾಡಿದ ಮೀನು ಬೇಗ ಕೆಡುತ್ತದೆ. ಕರಗಿದ ನೀರಿನಲ್ಲಿ ಮೀನು ಮುಳುಗಿ ಕೂರದಂತೆ ನಡುದಾರಿಯಲ್ಲಿ ಒಮ್ಮೆ ಬಸಿಯಿರಿ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಅಲ್ಲಿನ ಮೀನು ಲಾರಿಯಲ್ಲಿ ಬರತೊಡಗುತ್ತದೆ. ಹೊರನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಮಂಜಿನಲ್ಲಿ ಎಷ್ಟು ದಿನ ಕಳೆದಿದೆ ಎಂಬುದನ್ನು ಕಿವಿರು ಹೇಳುತ್ತದೆ. ಆ ಎರಡು ತಿಂಗಳು ನದಿಯ ಮೀನು, ಚಿಪ್ಪು ಕೇಳಿ.

ಅದಕ್ಕಾಗಿಯೇ ಮೇ ತಿಂಗಳಲ್ಲಿ ಒಣಮೀನಿನ ಭರಾಟೆ. ಒಣ ಬಂಗಡೆಯನ್ನು ಬಗ್ಗಿಸಿದರೆ ಗಟ್ಟಿಯಾಗಿ ನಿಲ್ಲಬೇಕು, ಮೆತ್ತಗೆ ಮಡಚಿದರೆ ಒಳಗೆ ತೇವವಿದೆ. ಮೇಲೆ ನಸುಗೆಂಪು ಕಲೆ ಕಂಡರೆ ಉಪ್ಪಿನಲ್ಲೇ ಬೆಳೆಯುವ ಸೂಕ್ಷ್ಮಜೀವಿ ಹತ್ತಿದೆ, ಬಿಡಿ. ಒಣ ಶೆಟ್ಲಿಯನ್ನು ಅಂಗೈಗೆ ಸುರಿದು ಊದಿದರೆ ಮರಳು ಎಷ್ಟಿದೆ ಗೊತ್ತಾಗುತ್ತದೆ. ಮನೆಗೆ ತಂದು ಒಂದು ದಿನ ಕಡು ಬಿಸಿಲಿಗೆ ಹಾಕಿ, ಆರಿದ ಮೇಲೆ ಬಿಗಿ ಡಬ್ಬಿಗೆ ತುಂಬಿ. ಬಸ್ಸಿನಲ್ಲಿ ಒಯ್ಯುವವರು ಕಾಗದ, ಅದರ ಮೇಲೆ ಬಾಳೆಎಲೆ, ಅದರ ಮೇಲೆ ಡಬ್ಬಿ ಎಂದು ಮೂರು ಪದರ ಮಾಡಲೇಬೇಕು. ಇಲ್ಲದಿದ್ದರೆ ಅಂಕೋಲಾ ದಾಟುವಷ್ಟರಲ್ಲಿ ಕಂಡಕ್ಟರ್ ನಿಮ್ಮ ಸೀಟು ಹುಡುಕಿಕೊಂಡು ಬರುತ್ತಾನೆ.

ಮನೆ ತಲುಪಿದ ಮೇಲೆ

ಮೊದಲು ಮೀನು. ತೊಳೆದು, ಉಪ್ಪು ಅರಿಶಿನ ಸವರಿ ಫ್ರಿಜ್ಜಿಗೆ. ಆಮೇಲೆ ಸೊಪ್ಪಿನ ಕಟ್ಟು ಬಿಚ್ಚಿ, ಕೊಳೆತ ಎಲೆ ಆರಿಸಿ, ತೊಳೆಯದೆ ಒದ್ದೆ ಬಟ್ಟೆಯಲ್ಲಿ ಸಡಿಲಾಗಿ ಸುತ್ತಿಡಿ. ತೊಳೆದಿಟ್ಟ ಸೊಪ್ಪು ಮರುದಿನಕ್ಕೆ ಲೋಳೆಯಾಗುತ್ತದೆ. ಬಸಳೆಯ ಬಲಿತ ದಂಟುಗಳಲ್ಲಿ ಎರಡನ್ನು ಗೇಣುದ್ದ ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಬಚ್ಚಲ ನೀರು ಹರಿಯುವ ಕಡೆ ಊರಿ. ಚಿಗುರಿ ಹಬ್ಬಿದರೆ ಮುಂದಿನ ತಿಂಗಳ ಸಂತೆಯಲ್ಲಿ ಬಸಳೆಯ ಪಾಲು ಕೇಳಬೇಕಾಗಿಲ್ಲ.